ಹೆದ್ದಾರಿಯ ನೆರವು ಪಹರೆ: ಉಗಮ, ಯೋಜನೆ, ಜನಬಲ

೧

ಮಾರ್ಗಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ರಸ್ತೆಯನ್ನು ಕಟ್ಟಿಸಿದವರ ಹೆಸರನ್ನೂ, ಅದಕ್ಕೆ ತಗುಲಿದ ವೆಚ್ಚವನ್ನೂ, ಅದು ಮುಟ್ಟಿದ ಊರುಗಳನ್ನೂ ಹೇಳಿ ನಿಲ್ಲಿಸುತ್ತಾರೆ. ಆ ರಸ್ತೆಯಲ್ಲಿ ಹೊರಟವನು ನಡುದಾರಿಯಲ್ಲಿ ನಿಂತುಹೋದರೆ ಅವನನ್ನು ಕೇಳುವವರು ಯಾರು ಎಂಬ ಪ್ರಶ್ನೆಗೆ ಅವರ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪ. ಆದರೆ ಈ ಪ್ರಶ್ನೆ ರಸ್ತೆಯಷ್ಟೇ ಹಳೆಯದು. ನಮ್ಮ ಶಾಸನಗಳಲ್ಲಿ ಅರವಟ್ಟಿಗೆಗೆ ಬಿಟ್ಟ ದತ್ತಿಗಳ ಉಲ್ಲೇಖವಿದೆ. ಹೊರೆಯಿಳಿಸುವ ಕಲ್ಲುಗಳು ನಮ್ಮ ಹಳೆಯ ದಾರಿಗಳ ಬದಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಇವೆಲ್ಲ ಒಂದೆಡೆ ನಿಂತು ದಾರಿಗನಿಗಾಗಿ ಕಾಯುವ ನೆರವುಗಳು. ಮೋಟಾರು ವಾಹನದ ಯುಗವು ಇದಕ್ಕೆ ವಿಪರೀತವಾದ ಇನ್ನೊಂದು ಪದ್ಧತಿಯನ್ನು ಹುಟ್ಟಿಸಿತು. ಅದೆಂದರೆ ನೆರವೇ ದಾರಿಯಲ್ಲಿ ಸಂಚರಿಸುತ್ತ, ನಿಂತವನನ್ನು ಹುಡುಕಿಕೊಂಡು ಹೋಗುವ ಪದ್ಧತಿ. ಇದನ್ನೇ ಪ್ರಕೃತ ಲೇಖನದಲ್ಲಿ ‘ನೆರವು ಪಹರೆ’ ಎಂದು ಕರೆದಿದೆ.

ಈ ಪಹರೆ ಎಲ್ಲಿ, ಯಾವ ಉದ್ದೇಶದಿಂದ ಹುಟ್ಟಿತು. ಅದನ್ನು ಯೋಜಿಸುವವರು ಎಷ್ಟು ಜನರನ್ನು, ಯಾವ ರಸ್ತೆಯ ಮೇಲೆ, ಯಾವ ವೇಳೆಯಲ್ಲಿ ಇರಿಸಬೇಕೆಂದು ಹೇಗೆ ತೀರ್ಮಾನಿಸಿದರು. ಆ ತೀರ್ಮಾನದ ಹಿಂದೆ ಯಾರ ಹಿತ ಅಡಗಿತ್ತು ಎಂಬ ಮೂರು ಅಂಶಗಳನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಮೊದಲ ನೋಟಕ್ಕೆ ಇದು ಇಂಜಿನಿಯರರಿಗೆ ಸೇರಿದ ವಿಷಯವೆಂದು ತೋರಬಹುದು. ಆದರೆ ಸಾರ್ವಜನಿಕ ಸೇವೆಯೊಂದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೂ ಸೇರಿದ ವಿಷಯವೇ ಆಗಿದೆ.

೨

ಇಂಗ್ಲೆಂಡಿನಲ್ಲಿ ೧೮೯೬ರ ಶಾಸನವು ಹಗುರವಾದ ಮೋಟಾರು ವಾಹನಗಳ ಮುಂದೆ ಒಬ್ಬ ಮನುಷ್ಯನು ನಡೆದುಹೋಗಬೇಕೆಂಬ ಹಳೆಯ ಕಟ್ಟಳೆಯನ್ನು ತೆಗೆದುಹಾಕಿತು. ೧೯೦೩ರ ಮೋಟಾರು ಕಾರ್ ಶಾಸನವು ವೇಗದ ಮಿತಿಯನ್ನು ಗಂಟೆಗೆ ೨೦ ಮೈಲಿಗೆ ಏರಿಸಿತು. ಈ ಮಿತಿಯನ್ನು ಮೀರಿದವರನ್ನು ಹಿಡಿಯಲು ಪೋಲೀಸರು ಅಳತೆಮಾಡಿದ ದೂರದ ಎರಡು ಕೊನೆಗಳಲ್ಲಿ ಮರೆಯಾಗಿ ನಿಂತು, ಗಡಿಯಾರ ಹಿಡಿದು ಕಾಯುವುದು ವಾಡಿಕೆಯಾಯಿತು. ಮೋಟಾರು ಆಗ ಸಿರಿವಂತರ ಸೊತ್ತು. ಅವರಿಗೆ ಈ ಬಲೆಗಳು ಸಹಿಸಲಾರದವಾದುವು. ೧೯೦೫ರ ಜೂನ್ ೨೯ರಂದು ಲಂಡನ್ನಿನ ಟ್ರೊಕಡೆರೊ ಎಂಬ ಭೋಜನಗೃಹದಲ್ಲಿ ಕೆಲವರು ಸೇರಿ ‘ಆಟೊಮೊಬೈಲ್ ಅಸೋಸಿಯೇಷನ್’ ಎಂಬ ಸಂಘವನ್ನು ಸ್ಥಾಪಿಸಿದರು. ಪಂದ್ಯದ ಓಟಗಳಲ್ಲಿ ಹೆಸರು ಮಾಡಿದ್ದ ಚಾರ್ಲ್ಸ್ ಜಾರೊಟ್ ಇದರ ಪ್ರವರ್ತಕರಲ್ಲೊಬ್ಬನು. ಸ್ಟೆನ್ಸನ್ ಕುಕ್ ಅದರ ಮೊದಲ ಕಾರ್ಯದರ್ಶಿ. ಬೈಸಿಕಲ್ ಏರಿದ ಪಹರೆಗಾರರನ್ನು ಸಂಘವು ನೇಮಿಸಿತು. ಪೋಲೀಸರ ಬಲೆ ಎಲ್ಲಿದೆಯೆಂದು ಸದಸ್ಯರಿಗೆ ಸನ್ನೆಮಾಡಿ ತಿಳಿಸುವುದೇ ಇವರ ಮುಖ್ಯ ಕೆಲಸವಾಗಿತ್ತು.

ಆದುದರಿಂದ, ಮುಂದೆ ಲೋಕೋಪಕಾರಕ್ಕೆ ಹೆಸರಾದ ಈ ಸಂಸ್ಥೆಯ ಮೂಲ ಉಪಕಾರಬುದ್ಧಿಯಲ್ಲಿರಲಿಲ್ಲ. ಕಾನೂನಿನಿಂದ ನುಣುಚಿಕೊಳ್ಳುವ ಅಪೇಕ್ಷೆಯಲ್ಲಿತ್ತು. ಈ ಮಾತನ್ನು ನಿಂದೆಯಾಗಿ ಹೇಳಿದುದಲ್ಲ. ಸಂಸ್ಥೆಗಳು ಒಂದು ಕಾರಣಕ್ಕಾಗಿ ಹುಟ್ಟಿ ಮತ್ತೊಂದು ಕಾರಣಕ್ಕಾಗಿ ಬಾಳುವುದು ಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ. ಇಲ್ಲಿ ಆ ಬದಲಾವಣೆಗೆ ನ್ಯಾಯಾಲಯವೂ ಒಂದು ನಿಮಿತ್ತವಾಯಿತು. ವೇಗಮಿತಿಯನ್ನು ಮೀರಿದನೆಂದು ಸಿದ್ಧವಾಗದ ಚಾಲಕನಿಗೆ ಎಚ್ಚರಿಕೆ ಕೊಡುವುದು ಅಪರಾಧವಲ್ಲವೆಂದು ಬ್ಯಾಸ್ಟಬಲ್ ಮತ್ತು ಲಿಟ್ಲ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಾಗಿದ್ದಿತು. ಆದರೆ ಬೆಟ್ಸ್ ಮತ್ತು ಸ್ಟೀವನ್ಸ್ ಎಂಬವರ ೧೯೦೯ರ ಮೊಕದ್ದಮೆಯಲ್ಲಿ, ಆಗಲೇ ಮಿತಿಮೀರಿ ಬರುತ್ತಿದ್ದವನಿಗೆ ಸನ್ನೆಮಾಡಿ ವೇಗವನ್ನು ತಗ್ಗಿಸುವಂತೆ ಮಾಡುವುದು ಪೋಲೀಸರ ಕರ್ತವ್ಯಕ್ಕೆ ಅಡ್ಡಿಮಾಡಿದಂತೆಯೇ ಎಂದು ಮುಖ್ಯ ನ್ಯಾಯಾಧೀಶ ಲಾರ್ಡ್ ಆಲ್ವರ್ಸ್ಟನ್ ನಿರ್ಣಯಿಸಿದನು. ಸಂಘವು ಇದಕ್ಕೆ ಒಂದು ಜಾಣತನದ ಉಪಾಯವನ್ನು ಕಂಡುಕೊಂಡಿತು. ಸಂಘದ ಲಾಂಛನವನ್ನು ಹೊತ್ತ ಕಾರು ಎದುರಾದಾಗಲೆಲ್ಲ ಪಹರೆಗಾರನು ವಂದಿಸಬೇಕು. ಆತ ವಂದಿಸದಿದ್ದರೆ ಸದಸ್ಯನು ಕಾರನ್ನು ನಿಲ್ಲಿಸಿ ಕಾರಣವನ್ನು ವಿಚಾರಿಸಬೇಕು. ಸನ್ನೆಮಾಡಿದವನನ್ನು ಶಿಕ್ಷಿಸಬಹುದು, ವಂದನೆ ಮಾಡದವನನ್ನು ಯಾವ ನ್ಯಾಯಾಲಯ ಶಿಕ್ಷಿಸೀತು? ಈ ವಂದನೆಯ ಪದ್ಧತಿ ೧೯೬೦ರ ದಶಕದ ಆರಂಭದವರೆಗೂ ನಡೆದುಬಂದಿತು.

೩

ವಂದನೆಯು ಉಳಿದರೂ ಪಹರೆಗಾರನ ಕೆಲಸ ಕ್ರಮೇಣ ಬದಲಾಯಿತು. ಅಂದಿನ ವಾಹನಗಳು ಪದೇಪದೇ ಕೆಡುತ್ತಿದ್ದುವು, ಟೈರುಗಳು ಒಡೆಯುತ್ತಿದ್ದುವು, ಇಂಜಿನು ಕಾದು ನಿಲ್ಲುತ್ತಿತ್ತು. ದಾರಿಯಲ್ಲಿ ದಿನವೆಲ್ಲ ಓಡಾಡುವ ಪಹರೆಗಾರನು ಇಂಥ ಸಂದರ್ಭಗಳಲ್ಲಿ ಸಹಾಯಕ್ಕೊದಗುವುದು ಸಹಜವಾಗಿತ್ತು. ಒಂದನೆಯ ಮಹಾಯುದ್ಧ ಮುಗಿದ ಮೇಲೆ ಬೈಸಿಕಲ್ಲಿನ ಸ್ಥಾನದಲ್ಲಿ ಪಕ್ಕಗಾಡಿಯುಳ್ಳ ಮೋಟಾರು ಸೈಕಲ್ಲು ಬಂದಿತು. ಆ ಪಕ್ಕಗಾಡಿಯಲ್ಲಿ ಉಪಕರಣಗಳನ್ನೂ ಬಿಡಿಭಾಗಗಳನ್ನೂ ಒಯ್ಯಲು ಅನುಕೂಲವಾಯಿತು.

ಇದೇ ಕಾಲದಲ್ಲಿ ಇನ್ನೊಂದು ಸಾಧನವೂ ರೂಢಿಗೆ ಬಂದಿತು. ೧೯೧೨ರ ಸುಮಾರಿನಿಂದ ಸಂಘವು ರಸ್ತೆಬದಿಯಲ್ಲಿ ಕಾವಲುಗೂಡುಗಳನ್ನು ನಿಲ್ಲಿಸತೊಡಗಿತು. ಮೊದಲು ಇವು ಪಹರೆಗಾರನಿಗೆ ಮಳೆಗಾಳಿಗಳಿಂದ ರಕ್ಷಣೆ ಕೊಡುವ ಗೂಡುಗಳಾಗಿದ್ದು, ಬರುಬರುತ್ತ ಟೆಲಿಫೋನು ಪೆಟ್ಟಿಗೆಗಳಾದುವು. ಸದಸ್ಯರಿಗೆ ಇವುಗಳ ಬೀಗದಕೈಯನ್ನು ಕೊಡುತ್ತಿದ್ದರು. ಹೀಗೆ ನೆರವಿನ ಎರಡು ವಿಧಾನಗಳು ಒಂದರ ಪಕ್ಕದಲ್ಲೊಂದು ಬೆಳೆದುವು. ಒಂದು, ಪಹರೆಗಾರನು ತಾನೇ ನೋಡಿ ನಿಲ್ಲುವುದು; ಇನ್ನೊಂದು, ತೊಂದರೆಗೊಳಗಾದವನು ಕರೆ ಕಳುಹಿ ಪಹರೆಗಾರನನ್ನು ಬರಮಾಡಿಕೊಳ್ಳುವುದು. ೧೯೪೯ರಲ್ಲಿ ಸಂಘವು ಲಂಡನ್ ನಗರದಲ್ಲಿ ರೇಡಿಯೊ ಸಹಾಯದಿಂದ ನಡೆಯುವ ರಾತ್ರಿವೇಳೆಯ ಸೇವೆಯನ್ನು ಪ್ರಾರಂಭಿಸಿದಾಗ ಎರಡನೆಯ ವಿಧಾನಕ್ಕೆ ಬಲ ಬಂದಿತು. ಪಹರೆಗಾರನು ಒಂದು ರಸ್ತೆಗೆ ಕಟ್ಟುಬಿದ್ದಿರಬೇಕಾದ ಅಗತ್ಯ ತಪ್ಪಿ, ಕೇಂದ್ರದಿಂದ ಬಂದ ಆಜ್ಞೆಯಂತೆ ಎಲ್ಲಿಗಾದರೂ ಹೋಗಬಲ್ಲವನಾದನು.

ಯೂರೋಪಿನ ಇತರ ದೇಶಗಳೂ ಇದೇ ಜಾಡನ್ನು ಹಿಡಿದುವು. ೧೮೮೩ರಲ್ಲಿ ಸೈಕಲ್ ಸವಾರರ ಕೂಟವಾಗಿ ಹುಟ್ಟಿದ ನೆದರ್‌ಲೆಂಡ್ಸಿನ ಎ.ಎನ್.ಡಬ್ಲ್ಯು.ಬಿ. ಸಂಸ್ಥೆ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷವೇ, ಎಂದರೆ ೧೯೪೬ರಲ್ಲಿ, ‘ವೇಗೆನ್‌ವಾಖ್ಟ್’ ಎಂಬ ಮಾರ್ಗಪಹರೆಯನ್ನು ಸೈನ್ಯವು ಬಳಸಿ ಬಿಟ್ಟ ಮೋಟಾರು ಸೈಕಲ್ಲುಗಳಿಂದ ಆರಂಭಿಸಿತು. ಪಶ್ಚಿಮ ಜರ್ಮನಿಯಲ್ಲಿ ಎ.ಡಿ.ಎ.ಸಿ. ಸಂಘದ ಪಹರೆ ೧೯೫೪ರಲ್ಲಿ ಹೊರಟಿತು. ಹಳದಿ ಬಣ್ಣದ ವಾಹನಗಳಿಂದಾಗಿ ಜನರು ಪಹರೆಗಾರರನ್ನು ‘ಹಳದಿ ದೇವದೂತರು’ ಎಂದು ಕರೆದರು.

ಈ ಎಲ್ಲ ಸಂಸ್ಥೆಗಳಲ್ಲಿ ಒಂದು ಲಕ್ಷಣ ಸಮಾನವಾದುದು. ಇವು ಚಂದಾ ಕೊಟ್ಟವರ ಕೂಟಗಳು. ಸೇವೆಯ ಕೇಂದ್ರದಲ್ಲಿದ್ದವನು ಸದಸ್ಯನು. ಅವನ ಹಿಂದೆ ನಿಂತ ಅಪರಿಚಿತರ ಸಾಲಿಗೆ ಲೆಕ್ಕದಲ್ಲಿ ಎಡೆಯಿರಲಿಲ್ಲ. ವಾಹನಗಳು ವಿರಳವಾಗಿದ್ದ ಕಾಲದಲ್ಲಿ ಅಂಥ ಸಾಲೇ ಉಂಟಾಗುತ್ತಿರಲಿಲ್ಲವಾದುದರಿಂದ ಇದು ಲೋಪವಾಗಿಯೂ ತೋರಲಿಲ್ಲ.

೪

ಪ್ರವೇಶ ನಿಯಂತ್ರಣವುಳ್ಳ ಹೊಸ ಹೆದ್ದಾರಿಗಳು ಈ ಸ್ಥಿತಿಯನ್ನು ಪೂರ್ತಿ ಬದಲಿಸಿದುವು. ಹಳೆಯ ರಸ್ತೆಯಲ್ಲಿ ಕೆಟ್ಟ ವಾಹನವನ್ನು ಬದಿಯ ಬಯಲಿಗೋ ಅಡ್ಡದಾರಿಗೋ ತಳ್ಳಬಹುದಾಗಿತ್ತು. ಸಮೀಪದ ಹಳ್ಳಿಗೆ ನಡೆದುಹೋಗಿ ಕಮ್ಮಾರನನ್ನು ಕರೆತರಬಹುದಾಗಿತ್ತು. ಹೊಸ ಹೆದ್ದಾರಿಯಲ್ಲಿ ಬೇಲಿಗಳಿವೆ, ಕಾಲ್ನಡೆಗೆ ಎಡೆಯಿಲ್ಲ, ಹೊರಬೀಳುವ ದಾರಿ ಮೈಲಿಗಳಾಚೆ ಇರುತ್ತದೆ. ೧೯೫೯ರ ನವೆಂಬರ್ ೨ರಂದು ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ಇಂಗ್ಲೆಂಡಿನ ಎಂ-೧ ಹೆದ್ದಾರಿಯನ್ನು ತೆರೆದಾಗ ಅಲ್ಲಿ ವೇಗಮಿತಿಯೇ ಇರಲಿಲ್ಲ. ಬಹುಕಾಲ ಒಂದೇ ಸಮನೆ ವೇಗವಾಗಿ ಓಡುವುದಕ್ಕೆ ತಕ್ಕುದಾಗಿ ರಚಿತವಾಗಿರದ ಹಲವು ಕಾರುಗಳು ಮೊದಲ ದಿನಗಳಲ್ಲಿಯೇ ಇಂಜಿನು ಕೆಟ್ಟು ನಿಂತುವು.

ಇಲ್ಲಿ ಒಂದು ಲೆಕ್ಕವನ್ನು ನೋಡುವುದು ಉಚಿತ. ಒಂದು ದಿಕ್ಕಿನಲ್ಲಿ ಗಂಟೆಗೆ ೬,೦೦೦ ವಾಹನಗಳನ್ನು ಸಾಗಿಸಬಲ್ಲ ಮೂರು ಸಾಲಿನ ಹೆದ್ದಾರಿಯಿದೆಯೆನ್ನೋಣ. ಸಂದಣಿಯ ವೇಳೆಯಲ್ಲಿ ಗಂಟೆಗೆ ೫,೦೦೦ ವಾಹನಗಳು ಬರುತ್ತಿವೆ. ಒಂದು ಲಾರಿ ಕೆಟ್ಟು ಒಂದು ಸಾಲನ್ನು ತಡೆದುದರಿಂದ ರಸ್ತೆಯ ಸಾಮರ್ಥ್ಯ ೩,೦೦೦ಕ್ಕೆ ಇಳಿಯಿತು. ಮೂರರಲ್ಲೊಂದು ಸಾಲು ಮುಚ್ಚಿದರೆ ಸಾಮರ್ಥ್ಯ ಮೂರರಲ್ಲೊಂದು ಪಾಲು ಮಾತ್ರವಲ್ಲ, ಹೆಚ್ಚುಕಡಮೆ ಅರ್ಧದಷ್ಟು ಕುಗ್ಗುತ್ತದೆಂಬುದು ಅನುಭವಸಿದ್ಧವಾದ ಸಂಗತಿ. ಪಕ್ಕದ ಸಾಲುಗಳವರೂ ನೋಡುತ್ತ ನಿಧಾನಿಸುವುದೇ ಕಾರಣ. ಲಾರಿಯನ್ನು ತೆಗೆಯಲು ಅರ್ಧ ಗಂಟೆಯಾದರೆ ಅಷ್ಟರಲ್ಲಿ ೧,೦೦೦ ವಾಹನಗಳ ಸಾಲು ಬೆಳೆಯುತ್ತದೆ; ಅದು ಕರಗಲು ಇನ್ನೂ ಒಂದು ಗಂಟೆ ಬೇಕು; ಎಲ್ಲರೂ ಕಳೆದುಕೊಂಡ ಕಾಲವನ್ನು ಕೂಡಿದರೆ ೭೫೦ ವಾಹನ-ಗಂಟೆಗಳಾಗುತ್ತವೆ. ಕಾಲು ಗಂಟೆಯಲ್ಲಿಯೇ ಲಾರಿಯನ್ನು ತೆಗೆದರೆ ಈ ನಷ್ಟ ಅರ್ಧಕ್ಕಲ್ಲ, ಕಾಲುಭಾಗಕ್ಕೆ, ಎಂದರೆ ಸುಮಾರು ೧೮೮ ವಾಹನ-ಗಂಟೆಗಳಿಗೆ ಇಳಿಯುತ್ತದೆ. ತಡೆಯ ಅವಧಿ ಇಮ್ಮಡಿಯಾದರೆ ನಷ್ಟ ನಾಲ್ಮಡಿಯಾಗುತ್ತದೆ. ಸಂದಣಿಯ ರಸ್ತೆಗೆ ಪಹರೆ ಬೇಕೆಂಬ ವಾದದ ತಿರುಳೆಲ್ಲ ಈ ಒಂದು ಸೂತ್ರದಲ್ಲಿದೆ.

ರಸ್ತೆಯ ಪ್ರವಾಹವನ್ನು ಗಣಿತದ ಕಣ್ಣಿನಿಂದ ನೋಡುವ ಶಾಸ್ತ್ರವೂ ಇದೇ ಕಾಲದಲ್ಲಿ ರೂಪುಗೊಂಡಿತು. ೧೯೫೫ರಲ್ಲಿ ಲೈಟ್‌ಹಿಲ್ ಮತ್ತು ವಿದಂ ಎಂಬ ಇಂಗ್ಲಿಷ್ ಗಣಿತಜ್ಞರು ಕಿಕ್ಕಿರಿದ ಉದ್ದರಸ್ತೆಗಳ ಮೇಲಿನ ಸಂಚಾರವನ್ನು ಅಲೆಗಳ ಚಲನೆಯೊಡನೆ ಹೋಲಿಸಿ ಪ್ರಬಂಧವನ್ನು ಪ್ರಕಟಿಸಿದರು. ಮುಂದೆ ಉಂಟಾದ ತಡೆಯೊಂದು ಹಿಮ್ಮುಖವಾಗಿ ಹರಿಯುವ ಅಲೆಯಾಗಿ, ಕಾರಣವೇ ಕಾಣದಷ್ಟು ಹಿಂದಿರುವವರನ್ನೂ ನಿಲ್ಲಿಸುವುದು ಹೇಗೆಂದು ಅದರಿಂದ ಸ್ಪಷ್ಟವಾಯಿತು.

೫

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೫೬ರ ಹೆದ್ದಾರಿ ಶಾಸನದಿಂದ ಅಂತರರಾಜ್ಯ ಮಾರ್ಗಜಾಲದ ನಿರ್ಮಾಣವು ಭರದಿಂದ ಸಾಗಿತು. ಮಹಾನಗರಗಳ ನಡುವೆಯೇ ಹಾದುಹೋದ ಈ ಮಾರ್ಗಗಳು ಸಂಚಾರದಿಂದ ಬೇಗನೆ ತುಂಬಿದುವು. ೧೯೬೦ರ ದಶಕದ ಆರಂಭದಲ್ಲಿ ಇಲಿನಾಯ್ ರಾಜ್ಯವು ಷಿಕಾಗೊ ನಗರದ ಹೆದ್ದಾರಿಗಳ ಮೇಲೆ ತನ್ನದೇ ಆದ ತುರ್ತು ಸಂಚಾರ ಪಹರೆಯನ್ನು ಏರ್ಪಡಿಸಿತು. ಇದರ ನೌಕರರು ‘ಮಿನಿಟ್‌ಮೆನ್’, ಎಂದರೆ ನಿಮಿಷದಲ್ಲಿ ಸನ್ನದ್ಧರಾಗುವವರು, ಎಂಬ ಹೆಸರಿನಿಂದ ಪ್ರಸಿದ್ಧರಾದರು. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಯುದ್ಧದಲ್ಲಿ ಕಾದಿದ ನಾಗರಿಕ ಯೋಧರ ಹೆಸರಿದು. ಇವರು ಸರಕಾರಿ ನೌಕರರು. ದೊಡ್ಡ ಲಾರಿಗಳನ್ನು ಸಹ ಎಳೆಯಬಲ್ಲ ವಾಹನಗಳು ಇವರಲ್ಲಿದ್ದುವು. ಸದಸ್ಯನೋ ಅಲ್ಲವೋ ಎಂದು ಕೇಳುವ ಪ್ರಶ್ನೆಯೇ ಇಲ್ಲಿ ಇರಲಿಲ್ಲ.

ಈ ಮಾರ್ಪಾಡಿನ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಇಂಗ್ಲಿಷ್ ಸಂಘದ ಪಹರೆಗಾರನು ನಿಂತವನಿಗಾಗಿ ಬರುತ್ತಿದ್ದನು. ಷಿಕಾಗೊ ನಗರದ ಪಹರೆಗಾರನು ಮುಖ್ಯವಾಗಿ ನಿಂತವನ ಹಿಂದೆ ಇರುವವರಿಗಾಗಿ ಬರುತ್ತಾನೆ. ಕೆಲಸ ಒಂದೇ ಆದರೂ ಉದ್ದೇಶ ಬೇರೆಯಾಯಿತು.

ಮೂವತ್ತು ವರ್ಷಗಳ ತರುವಾಯ, ೧೯೯೧ರಲ್ಲಿ, ಕ್ಯಾಲಿಫೋರ್ನಿಯದ ಲಾಸ್ ಏಂಜಲೀಸ್ ಪ್ರಾಂತದಲ್ಲಿ ಇದೇ ತತ್ತ್ವವನ್ನು ಬೇರೊಂದು ರೀತಿಯಲ್ಲಿ ಕಾರ್ಯಗತ ಮಾಡಲಾಯಿತು. ಅಲ್ಲಿಯ ಹೆದ್ದಾರಿ ಸೇವಾ ಪಹರೆಯಲ್ಲಿ ಮೂರು ಸಂಸ್ಥೆಗಳು ಕೈಗೂಡಿಸಿದುವು: ಪ್ರಾಂತದ ಸಾರಿಗೆ ಆಯೋಗ, ರಾಜ್ಯದ ಸಾರಿಗೆ ಇಲಾಖೆ, ಹೆದ್ದಾರಿಯ ಪೋಲೀಸು ಪಡೆ. ಎಳೆಯುವ ಲಾರಿಗಳೂ ಅವುಗಳ ಚಾಲಕರೂ ಖಾಸಗಿ ಗುತ್ತಿಗೆದಾರರಿಗೆ ಸೇರಿದವರು. ಚಾಲಕರ ಪೂರ್ವಚರಿತ್ರೆಯನ್ನು ವಿಚಾರಿಸಿ, ಶಿಕ್ಷಣ ಕೊಟ್ಟು, ಮೇಲ್ವಿಚಾರಣೆ ನಡೆಸುವುದು ಪೋಲೀಸರ ಹೊಣೆ. ಹೆದ್ದಾರಿಯನ್ನು ಹಲವು ಪಹರೆವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ವಲಯದಲ್ಲಿಯೂ ಮುಖ್ಯವಾಗಿ ಬೆಳಗಿನ ಹಾಗೂ ಸಂಜೆಯ ಸಂದಣಿಯ ವೇಳೆಗಳಲ್ಲಿ ಲಾರಿಗಳು ಸುತ್ತುತ್ತಿರುವಂತೆ ಕಟ್ಟುಪಾಡು ಮಾಡಿದರು. ಚಾಲಕನು ಒಂದು ಗ್ಯಾಲನ್ ಪೆಟ್ರೋಲು ಕೊಡಬಹುದು, ಟೈರು ಬದಲಿಸಬಹುದು, ಬ್ಯಾಟರಿಗೆ ಚಾಲನೆ ಕೊಡಬಹುದು, ಇಂಜಿನಿಗೆ ನೀರು ತುಂಬಬಹುದು. ಸುಮಾರು ಹತ್ತು ನಿಮಿಷಗಳಲ್ಲಿ ಸರಿಹೋಗದ ವಾಹನವನ್ನು ಹೆದ್ದಾರಿಯಿಂದ ಹೊರಗೆ, ಗೊತ್ತುಮಾಡಿದ ಸುರಕ್ಷಿತ ಸ್ಥಳಕ್ಕೆ ಎಳೆದು ಬಿಡುತ್ತಾನೆ. ಇದಕ್ಕೆ ಶುಲ್ಕವಿಲ್ಲ, ಚಾಲಕನು ಇನಾಮು ಪಡೆಯುವಂತಿಲ್ಲ, ಯಾವುದೇ ಗ್ಯಾರೇಜಿನ ಹೆಸರನ್ನು ಸೂಚಿಸುವಂತಿಲ್ಲ. ಈ ಕೊನೆಯ ನಿಯಮಗಳು ಸಣ್ಣವೆಂದು ತೋರಿದರೂ ಖಾಸಗಿ ಲಾರಿಯನ್ನು ಸಾರ್ವಜನಿಕ ಸೇವೆಯಾಗಿ ಪರಿವರ್ತಿಸುವುದು ಇವುಗಳೇ.

ಈ ಸೇವೆಯ ಪ್ರಯೋಜನವನ್ನು ಅಳೆಯಲು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು ೧೯೯೩ರಲ್ಲಿ ಐ-೮೮೦ ಹೆದ್ದಾರಿಯ ಹೇವರ್ಡ್ ಸಮೀಪದ ಭಾಗದಲ್ಲಿ ಕ್ಷೇತ್ರಪರೀಕ್ಷೆಯನ್ನು ನಡೆಸಿದರು. ಪಹರೆ ಬರುವ ಮೊದಲು ಕೆಲವು ವಾರ, ಬಂದ ಮೇಲೆ ಕೆಲವು ವಾರ, ಪರೀಕ್ಷಕರ ಕಾರುಗಳು ಅದೇ ಭಾಗದಲ್ಲಿ ಮತ್ತೆ ಮತ್ತೆ ಓಡಾಡಿ ಕಂಡ ಪ್ರತಿಯೊಂದು ತಡೆಯನ್ನೂ ದಾಖಲೆಮಾಡಿದುವು. ಅಲೆಕ್ಸಾಂಡರ್ ಸ್ಕಬಾರ್ಡೊನಿಸ್ ಹಾಗೂ ಮುಂಬಯಿಯಲ್ಲಿ ಜನಿಸಿದ ಪ್ರವೀಣ್ ವರೈಯಾ ಈ ತಂಡದಲ್ಲಿ ಪ್ರಮುಖರು. ಉಳಿತಾಯವಾದ ಕಾಲದ ಬೆಲೆ ಪಹರೆಯ ವೆಚ್ಚವನ್ನು ಮೀರುತ್ತದೆಂಬುದು ಅವರು ಕಂಡುಕೊಂಡ ಫಲಿತಾಂಶ. ಪ್ರಯೋಜನ-ವೆಚ್ಚಗಳ ಅನುಪಾತವೆಂಬ ಅಳತೆಗೋಲು ಅಲ್ಲಿಂದೀಚೆಗೆ ಈ ಸೇವೆಯ ಯೋಜನೆಯಲ್ಲಿ ಸ್ಥಿರವಾಗಿ ನಿಂತಿತು.

೬

ಇನ್ನು ಎಷ್ಟು ಜನ ಬೇಕೆಂಬ ಪ್ರಶ್ನೆ. ಇದಕ್ಕೆ ಉತ್ತರ ಹೇಳುವ ಶಾಸ್ತ್ರವು ರಸ್ತೆಯಲ್ಲಿ ಹುಟ್ಟಲಿಲ್ಲ. ಟೆಲಿಫೋನು ಕಛೇರಿಯಲ್ಲಿ ಹುಟ್ಟಿತು. ಕೋಪನ್‌ಹೇಗನ್ ಟೆಲಿಫೋನು ಕಂಪನಿಯಲ್ಲಿ ಕೆಲಸಮಾಡುತ್ತಿದ್ದ ಎರ್ಲಾಂಗ್ ಎಂಬ ಡೇನಿಷ್ ಗಣಿತಜ್ಞನು, ಕರೆಗಳು ಯಾವ ಕ್ಷಣದಲ್ಲಿ ಬರುವುವೆಂದು ಹೇಳಲಾಗದಿದ್ದರೂ ಒಟ್ಟಿನಲ್ಲಿ ಅವು ಒಂದು ನಿಯಮಕ್ಕೆ ಒಳಪಟ್ಟಿವೆಯೆಂದು ೧೯೦೯ರಲ್ಲಿ ತೋರಿಸಿಕೊಟ್ಟನು. ೧೯೧೭ರಲ್ಲಿ ಪ್ರಕಟವಾದ ಅವನ ಇನ್ನೊಂದು ಪ್ರಬಂಧವು, ಇಷ್ಟು ಕರೆಗಳಿಗೆ ಇಷ್ಟು ತಂತಿಗಳಿದ್ದರೆ ಎಷ್ಟು ಮಂದಿ ನಿರಾಶರಾಗುವರೆಂಬ ಲೆಕ್ಕವನ್ನು ಕೊಟ್ಟಿತು. ೧೯೫೪ರಲ್ಲಿ ನ್ಯೂಯಾರ್ಕ್ ಬಂದರು ಪ್ರಾಧಿಕಾರದ ಲೆಸ್ಲಿ ಈಡಿ ಎಂಬವನು ಇದೇ ಬಗೆಯ ವಿಚಾರವನ್ನು ಸುಂಕದ ಕಟ್ಟೆಗಳಿಗೆ ಅನ್ವಯಿಸಿ, ದಿನದ ಯಾವ ಹೊತ್ತಿನಲ್ಲಿ ಎಷ್ಟು ಸುಂಕದವರು ಕುಳಿತಿರಬೇಕೆಂದು ನಿಗದಿಮಾಡಿದನು. ೧೯೭೦ರ ದಶಕದಲ್ಲಿ ರಿಚರ್ಡ್ ಲಾರ್ಸನ್ ನಗರದ ಪೋಲೀಸು ಗಸ್ತಿನ ವಿಷಯದಲ್ಲಿ ಇದನ್ನೇ ವಿಸ್ತರಿಸಿದನು. ನೆರವು ಪಹರೆಯ ಯೋಜಕರು ಈ ಪರಂಪರೆಯ ವಾರಸುದಾರರು.

ಒಂದು ಸರಳ ಉದಾಹರಣೆಯಿಂದ ಇದು ತಿಳಿಯಾಗುತ್ತದೆ. ೨೦ ಕಿಲೋಮೀಟರ್ ಉದ್ದದ ಒಂದು ವಲಯವನ್ನು ಸಂದಣಿಯಲ್ಲಿ ಗಂಟೆಗೆ ೪೦ ಕಿಲೋಮೀಟರಿನಂತೆ ಸುತ್ತಿಬರಲು ಒಂದು ಲಾರಿಗೆ ಒಂದು ಗಂಟೆ ಬೇಕು. ಒಂದೇ ಲಾರಿ ಇದ್ದರೆ ಕೆಟ್ಟುನಿಂತವನು ಸರಾಸರಿ ೩೦ ನಿಮಿಷ ಕಾಯಬೇಕು. ಎರಡು ಲಾರಿಗಳಾದರೆ ೧೫, ಮೂರಾದರೆ ೧೦, ನಾಲ್ಕಾದರೆ ಏಳೂವರೆ ನಿಮಿಷ. ಎರಡನೆಯ ಲಾರಿಯಿಂದಾದ ಲಾಭ ೧೫ ನಿಮಿಷ, ಮೂರನೆಯದರಿಂದ ೫, ನಾಲ್ಕನೆಯದರಿಂದ ಎರಡೂವರೆ. ಆದರೆ ಈ ಲೆಕ್ಕದಲ್ಲಿ ಲಾರಿಗಳು ಸದಾ ಸುತ್ತುತ್ತಲೇ ಇರುತ್ತವೆಂದು ಭಾವಿಸಿದೆ. ಗಂಟೆಗೆ ಆರು ವಾಹನಗಳು ಕೆಟ್ಟು, ಒಂದೊಂದಕ್ಕೂ ಹತ್ತು ನಿಮಿಷ ಹಿಡಿದರೆ, ಒಂದು ಲಾರಿಯ ವೇಳೆಯೆಲ್ಲ ದುರಸ್ತಿಗೇ ವ್ಯಯವಾಗಿ ಸುತ್ತುವುದಕ್ಕೆ ಒಂದು ನಿಮಿಷವೂ ಉಳಿಯದು. ತೊಂದರೆಗಳು ಸಮಾನ ಅಂತರದಲ್ಲಿ ಬರುವುದೂ ಇಲ್ಲ. ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಅರ್ಧ ಗಂಟೆ ಏನೂ ಇಲ್ಲ. ಆದುದರಿಂದ ಕೆಲವು ಲಾರಿಗಳು ಕೆಲವು ಕಾಲ ಬಿಡುವಾಗಿರುವುದು ಅನಿವಾರ್ಯ. ಬಿಡುವಾಗಿರುವವನನ್ನು ಕಂಡು ಸೋಮಾರಿಯೆನ್ನುವ ಲೆಕ್ಕಪರಿಶೋಧಕನು ಎರ್ಲಾಂಗನ ಪಾಠವನ್ನು ಅರಿಯದವನು.

ಲಾರಿಗಳ ಎಣಿಕೆ ಮುಗಿದರೆ ಜನರ ಎಣಿಕೆ ಮುಗಿದಂತಲ್ಲ. ಹಗಲಿರುಳೂ ನಡೆಯುವ ಒಂದು ಸ್ಥಾನಕ್ಕೆ ವಾರಕ್ಕೆ ೧೬೮ ಗಂಟೆಗಳು. ಒಬ್ಬ ನೌಕರನು ವಾರಕ್ಕೆ ೪೮ ಗಂಟೆ ದುಡಿದರೆ ಮೂರೂವರೆ ಜನ ಬೇಕು. ೪೦ ಗಂಟೆಯಾದರೆ ನಾಲ್ವರಿಗೂ ಮೇಲೆ. ರಜೆ, ಕಾಯಿಲೆ, ಶಿಕ್ಷಣದ ದಿನಗಳನ್ನು ಸೇರಿಸಿದರೆ ಒಂದು ಲಾರಿಯ ಹಿಂದೆ ಐದು ಕುಟುಂಬಗಳು ನಿಂತಿರುತ್ತವೆ. ಸಂದಣಿಯ ವೇಳೆಗೆ ಮಾತ್ರ ಸೇವೆಯನ್ನು ಸೀಮಿತಗೊಳಿಸಿದರೆ ವೆಚ್ಚ ಇಳಿಯುತ್ತದೆ. ಆದರೆ ಬೆಳಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಎಂದು ಒಡೆದ ಪಾಳಿಗಳಲ್ಲಿ ದುಡಿಯುವವನ ದಿನವೆಲ್ಲ ಆ ಕೆಲಸಕ್ಕೇ ಮೀಸಲಾಗುತ್ತದೆ. ಯೋಜನೆಯ ಕೋಷ್ಟಕದಲ್ಲಿ ಈ ಕಷ್ಟಕ್ಕೆ ಅಂಕಣವಿರುವುದಿಲ್ಲ.

೭

ಪಹರೆಗಾರನ ಅಪಾಯಕ್ಕೂ ಹಾಗೆಯೇ. ಅವನು ದುಡಿಯುವುದು ವೇಗದಿಂದ ಹಾಯುವ ವಾಹನಗಳಿಗೆ ಒಂದು ಮಾರು ದೂರದಲ್ಲಿ. ನೆರವಿಗೆ ನಿಂತವರನ್ನು ಕಂಡಾಗ ಚಾಲಕರು ಪಕ್ಕದ ಸಾಲಿಗೆ ಸರಿಯಬೇಕು, ಇಲ್ಲವೆ ನಿಧಾನಿಸಬೇಕು ಎಂಬ ಶಾಸನವನ್ನು ಅಮೆರಿಕದಲ್ಲಿ ಮೊದಲು ಮಾಡಿದುದು ದಕ್ಷಿಣ ಕ್ಯಾರೊಲಿನ ರಾಜ್ಯ, ೧೯೯೬ರಲ್ಲಿ. ಐವತ್ತು ರಾಜ್ಯಗಳಲ್ಲಿಯೂ ಇದು ಬರಲು ೨೦೧೨ರವರೆಗೆ ಕಾಯಬೇಕಾಯಿತು.

ಇಂಗ್ಲೆಂಡಿನಲ್ಲಿ ೨೦೦೪ರಲ್ಲಿ ಹೆದ್ದಾರಿಯ ಸರಕಾರಿ ಪಹರೆಯೊಂದು ಸ್ಥಾಪಿತವಾಗಿ, ಅಪಘಾತ ಮತ್ತು ತಡೆಗಳ ನಿರ್ವಹಣೆಯ ಹಲವು ಕೆಲಸಗಳು ಪೋಲೀಸರಿಂದ ಅದಕ್ಕೆ ವರ್ಗಾಯಿಸಲ್ಪಟ್ಟುವು. ಸಂಚಾರವನ್ನು ನಿಲ್ಲಿಸುವ ಅಧಿಕಾರವನ್ನು ಅದೇ ವರ್ಷದ ಶಾಸನವು ಅದರ ನೌಕರರಿಗೆ ಕೊಟ್ಟಿತು. ಮುಂದೆ ರಸ್ತೆಯನ್ನು ಅಗಲಿಸದೆಯೇ ಸಾಮರ್ಥ್ಯವನ್ನು ಹೆಚ್ಚಿಸಬೇಕೆಂಬ ಹಂಬಲದಿಂದ, ಕೆಟ್ಟ ವಾಹನಗಳಿಗೆ ಮೀಸಲಾದ ಅಂಚುಸಾಲನ್ನು ಸಂಚಾರಕ್ಕೆ ತೆರೆಯುವ ಪ್ರಯೋಗ ನಡೆಯಿತು. ೨೦೦೬ರಲ್ಲಿ ಎಂ-೪೨ ಹೆದ್ದಾರಿಯಲ್ಲಿ ಸಂದಣಿಯ ವೇಳೆಗೆ ಮಾತ್ರ ತೆರೆದ ಈ ಸಾಲನ್ನು ಅನಂತರ ಬೇರೆ ಕೆಲವು ಹೆದ್ದಾರಿಗಳಲ್ಲಿ ಶಾಶ್ವತವಾಗಿಯೇ ತೆರೆಯಲಾಯಿತು. ಹೀಗೆ ನಿಲ್ಲುವ ಸ್ಥಳವನ್ನು ಕಿತ್ತುಕೊಂಡ ಮೇಲೆ ನಿಂತವನ ರಕ್ಷಣೆಯ ಭಾರವೆಲ್ಲ ಪಹರೆಯ ಮೇಲೆ ಬಿದ್ದಿತು. ಜೀವಹಾನಿಗಳ ವಿರುದ್ಧ ಜನಾಭಿಪ್ರಾಯ ಕೆರಳಿದಾಗ, ೨೦೨೦ರ ಮಾರ್ಚಿಯಲ್ಲಿ ಸರಕಾರವು ಪ್ರಕಟಿಸಿದ ಕಾರ್ಯಕ್ರಮದಲ್ಲಿ, ತಂಗುದಾಣಗಳು ಒಂದು ಮೈಲಿಗಿಂತ ದೂರವಿರುವಲ್ಲಿ ಪಹರೆ ತಲಪುವ ಸರಾಸರಿ ಕಾಲವನ್ನು ೧೭ ನಿಮಿಷಗಳಿಂದ ೧೦ಕ್ಕೆ ಇಳಿಸಬೇಕೆಂದು ವಾಗ್ದಾನವಿತ್ತಿತು. ೨೦೨೩ರ ಏಪ್ರಿಲಿನಲ್ಲಿ ಇಂಥ ಹೊಸ ಹೆದ್ದಾರಿಗಳ ಯೋಜನೆಯನ್ನೇ ಕೈಬಿಡಲಾಯಿತು. ಭೂಮಿಯಲ್ಲಿ ಉಳಿಸಿದುದನ್ನು ಜನಬಲದಲ್ಲಿ ತೆರಬೇಕಾಗುತ್ತದೆಂಬ ಸತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

೮

ಈಗ ನಾಲ್ಕನೆಯ ಭಾಗದ ಲೆಕ್ಕಕ್ಕೆ ಮತ್ತೊಮ್ಮೆ ಬರಬೇಕು. ಅದೇ ರಸ್ತೆ, ಅದೇ ಲಾರಿ, ಅದೇ ಅರ್ಧ ಗಂಟೆ. ಆದರೆ ಬರುವ ವಾಹನಗಳು ೫,೦೦೦ದ ಬದಲು ೪,೦೦೦ ಎನ್ನೋಣ. ಆಗ ನಷ್ಟ ೭೫೦ರಿಂದ ೧೮೮ ವಾಹನ-ಗಂಟೆಗಳಿಗೆ ಕುಸಿಯುತ್ತದೆ. ವಾಹನಗಳು ೩,೦೦೦ಕ್ಕಿಂತ ಕಡಮೆಯಾದರೆ ನಷ್ಟ ಸೊನ್ನೆ. ಎಂದರೆ ನಡುರಾತ್ರಿಯಲ್ಲಿ ಒಂಟಿಯಾಗಿ ನಿಂತವನಿಗೆ ಮಾಡುವ ನೆರವಿನ ಬೆಲೆ, ಸಂಚಾರಶಾಸ್ತ್ರದ ಈ ಅಳತೆಗೋಲಿನಲ್ಲಿ, ಏನೂ ಇಲ್ಲ. ಅವನ ಭಯ, ಅವನ ಅಪಾಯ, ಅವನ ಜೊತೆಯಲ್ಲಿರಬಹುದಾದ ಮಗು, ಇವು ಯಾವುವೂ ವಾಹನ-ಗಂಟೆಗಳಾಗಿ ಪರಿವರ್ತನೆಯಾಗುವುದಿಲ್ಲ. ಆದುದರಿಂದ ಅನುಪಾತವೊಂದನ್ನೇ ನಂಬಿದ ಯೋಜಕನು ಪಹರೆಯನ್ನು ಸಂದಣಿಯ ಕಡೆಗೆ, ಹಗಲಿನ ಕಡೆಗೆ, ನಗರದ ಕಡೆಗೆ ಸರಿಸುತ್ತಲೇ ಹೋಗುತ್ತಾನೆ. ಇದು ಅವನ ಹೃದಯಹೀನತೆಯಲ್ಲ, ಅವನ ಅಳತೆಗೋಲಿನ ಸ್ವಭಾವ.

ಹಳೆಯ ಸಂಘದ ದೃಷ್ಟಿಯಲ್ಲಿ ಒಂದು ದೋಷವಿತ್ತು, ಒಂದು ಗುಣವೂ ಇತ್ತು. ಚಂದಾ ಕೊಡದವನನ್ನು ಅದು ಎಣಿಸಲಿಲ್ಲ. ಆದರೆ ಎಣಿಸಿದವನನ್ನು ಮನುಷ್ಯನೆಂದು ಎಣಿಸಿತು. ಹೊಸ ಪಹರೆ ಎಲ್ಲರನ್ನೂ ಎಣಿಸುತ್ತದೆ. ಆದರೆ ಪ್ರವಾಹದ ಬಿಂದುಗಳೆಂದು ಎಣಿಸುತ್ತದೆ. ಸಾರ್ವಜನಿಕ ಸೇವೆಯು ಮೊದಲನೆಯದರ ಗುಣವನ್ನೂ ಎರಡನೆಯದರ ವ್ಯಾಪ್ತಿಯನ್ನೂ ಒಳಗೊಂಡಾಗ ಮಾತ್ರ ಪೂರ್ಣವಾದೀತು. ಅದಕ್ಕೆ ದಾರಿ ಕಷ್ಟವಾದುದೇನೂ ಅಲ್ಲ. ಸಂದಣಿಯ ಹೊತ್ತಿನ ಪಹರೆಯನ್ನು ಉಳಿತಾಯವಾಗುವ ಕಾಲದಿಂದ ಅಳೆಯಲಿ. ಉಳಿದ ಹೊತ್ತಿನ ಪಹರೆಗೆ, ಯಾವನೂ ಇಷ್ಟು ನಿಮಿಷಗಳಿಗಿಂತ ಹೆಚ್ಚು ಕಾಯತಕ್ಕದ್ದಲ್ಲವೆಂಬ ಕನಿಷ್ಠ ಮಟ್ಟವನ್ನು ಗೊತ್ತುಮಾಡಿ ಅದಕ್ಕೆ ತಕ್ಕ ಜನರನ್ನು ಇರಿಸಲಿ. ಅಗ್ನಿಶಾಮಕ ದಳವನ್ನು ಬೆಂಕಿಗಳ ಸರಾಸರಿಯಿಂದ ಯಾರೂ ಅಳೆಯುವುದಿಲ್ಲವಷ್ಟೆ.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ ಬಾಗಿಲಿಗೆ ಬಂದಿದೆ. ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ತೊಂದರೆಗಳಿಗಾಗಿ ೧೦೩೩ ಎಂಬ ಸಹಾಯವಾಣಿ ೨೦೧೮ರಲ್ಲಿ ಏರ್ಪಟ್ಟಿತು. ಸುಂಕವನ್ನು ಎತ್ತುವ ರಸ್ತೆಗಳಲ್ಲಿ ಗಸ್ತುವಾಹನ, ಆಂಬ್ಯುಲೆನ್ಸ್, ಕ್ರೇನುಗಳನ್ನು ಇರಿಸುವುದು ಒಪ್ಪಂದಗಳ ಭಾಗವಾಗಿದೆ. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ಅದೇ ಆಗಸ್ಟ್ ೧ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳೂ ಟ್ರಾಕ್ಟರುಗಳೂ ನಿಷೇಧಿಸಲ್ಪಟ್ಟುವು. ಬೇಲಿಗಳ ನಡುವಣ ಇಂಥ ರಸ್ತೆಯಲ್ಲಿ ಕೆಟ್ಟುನಿಂತವನಿಗೆ ಹಳೆಯ ಮೈಸೂರು ರಸ್ತೆಯ ಊರುಗಳ ಸಹಾಯ ಕೈಗೆಟುಕುವುದಿಲ್ಲ. ಅಲ್ಲಿಯ ಗಸ್ತುವಾಹನದ ದಿನಚರಿ, ಕರೆ ಬಂದ ವೇಳೆ, ತಲಪಿದ ವೇಳೆ, ಪಾಳಿಯ ಪಟ್ಟಿ, ಇವು ಇಂದು ಕಛೇರಿಯ ಸಾಧಾರಣ ಕಾಗದಗಳು; ನಾಳೆ ಇತಿಹಾಸದ ಆಕರಗಳು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅವನ್ನು ಈಗಲೇ ಸಂಗ್ರಹಿಸಿ ಪರಿಶೀಲಿಸುವುದಾದರೆ, ರಸ್ತೆಯನ್ನು ಕಟ್ಟಿದವರ ಚರಿತ್ರೆಯ ಜೊತೆಗೆ ಅದನ್ನು ಕಾಯ್ದವರ ಚರಿತ್ರೆಯೂ ಕನ್ನಡದಲ್ಲಿ ದೊರೆಯುವಂತಾದೀತು.